ಪೆಟ್ಟಿಗೆ ಬಾಡಿಗೆಯದು, ವಿಳಾಸ ಯಾರದು?

ಸಂಡೂರಿನ ಅದಿರು ವ್ಯವಹಾರ ಕಂಪ್ಯೂಟರಿಗೆ ಇಳಿದದ್ದು ಕೋರ್ಟಿನ ದೆಸೆಯಿಂದ ಎಂದರೆ ಹೆಚ್ಚು ತಪ್ಪಾಗದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಅದಿರು ಮಾರುವುದಾದರೆ ಇ-ಹರಾಜಿನಲ್ಲೇ ಮಾರಬೇಕೆಂದಿತು. 2022ರ ಮೇ ತಿಂಗಳಲ್ಲಿ ನೇರ ಮಾರಾಟಕ್ಕೆ ಒಪ್ಪಿಗೆ ಸಿಗುವವರೆಗೂ ಆ ಕಟ್ಟಳೆ ನಡೆಯಿತು. ಫೋನಿನಲ್ಲಿ ದರ ಕುದುರಿಸುತ್ತಿದ್ದವರು ಪರದೆಯ ಮುಂದೆ ಕೂರಬೇಕಾಯಿತು. ನಡುವೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಕಂಪ್ಲಿಯ ಅಕ್ಕಿ ಗಿರಣಿಗಳನ್ನೂ ಹೊಸಪೇಟೆಯ ಲಾರಿ ಆಫೀಸುಗಳನ್ನೂ ಅದೇ ದಾರಿಗೆ ತಂದಿತು. ಹಂಪಿಯ ವಸತಿಗೃಹಗಳಂತೂ ಪರದೇಶದ ಅತಿಥಿಗಳಿಗಾಗಿ ಅದಕ್ಕೂ ಮೊದಲೇ ಇಮೇಲನ್ನು ನೆಚ್ಚಿಕೊಂಡಿದ್ದವು.

ಈ ಇಮೇಲನ್ನು ಆಫೀಸಿನ ಒಳಕೋಣೆಯ ಒಂದು ಸರ್ವರಿನಲ್ಲಿ ಇಟ್ಟುಕೊಂಡವರಿದ್ದಾರೆ. ಆ ಯಂತ್ರ ಕೆಟ್ಟ ದಿನ ಎಲ್ಲರೂ ಮಾಡುವ ಕೆಲಸ ಒಂದೇ: ರಿಪೇರಿಯವರನ್ನು ಕರೆಸುವುದು, ಅವರು ಹೇಳಿದ ಕ್ಲೌಡ್ ಸೇವೆಗೆ ಅವತ್ತೇ ಹಣ ಕಟ್ಟುವುದು. ಈ ರೂಢಿಯ ಬಗ್ಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೌಡಿಗೆ ಹೋಗುವುದು ಸರಿ, ಹೋಗುತ್ತಿರುವ ರೀತಿ ಸರಿಯಿಲ್ಲ.

ಸರಿ ಏಕೆಂದರೆ ನಮ್ಮ ಸೀಮೆಯ ಬೇಸಿಗೆ, ಅದಿರಿನ ಧೂಳು, ಹೋಗಿ ಬರುವ ಕರೆಂಟು ಮೂರೂ ಹಾರ್ಡ್ ಡಿಸ್ಕಿನ ವೈರಿಗಳು. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿ ಬರೆಯುವ ರೇಡ್ ವ್ಯವಸ್ಥೆ ಇದ್ದರೆ ಭಯವಿಲ್ಲ ಎಂದು ಮಾರುವವರು ಹೇಳುತ್ತಾರೆ. ಅದು ಒಂದು ಡಿಸ್ಕು ಸತ್ತರೆ ಮಾತ್ರ ಕಾಯುತ್ತದೆ. ಯಾರೋ ಅಳಿಸಿದ್ದು, ವೈರಸ್ ತಿಂದದ್ದು ಎರಡರಲ್ಲೂ ಒಟ್ಟಿಗೇ ಹಾಳಾಗುತ್ತದೆ. ಇನ್ನು ಸುರಕ್ಷತೆ. 2021ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರುಗಳ ಮೇಲೆ ಜಗತ್ತಿನಾದ್ಯಂತ ದಾಳಿ ನಡೆಯಿತು. ಆಗ ಸಿಕ್ಕಿಬಿದ್ದವರು ಸರ್ವರನ್ನು ತಾವೇ ನಡೆಸುತ್ತಿದ್ದವರು. ಅದೇ ಕಂಪನಿಯ ಕ್ಲೌಡ್ ಸೇವೆಗೆ ಆ ಪೆಟ್ಟು ತಗಲಲಿಲ್ಲ. ಎಕ್ಸ್‌ಚೇಂಜಿನ 2016 ಮತ್ತು 2019ರ ಆವೃತ್ತಿಗಳಿಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲವೂ ಮುಗಿಯಿತು. ಹತ್ತು ಜನರ ಆಫೀಸು ಇದನ್ನೆಲ್ಲ ಹೊತ್ತುಕೊಳ್ಳಬೇಕಾದ ಕಾರಣವೇ ಇಲ್ಲ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ ದಿನ ಗಂಗಾವತಿಯಿಂದ ರಿಪೇರಿಯವನು ನೇರ ದಾರಿಯಲ್ಲಿ ಬರಲಾರ. ಕ್ಲೌಡಿನಲ್ಲಿರುವ ಪತ್ರವನ್ನು ಮಾಲೀಕ ಆವತ್ತೂ ತನ್ನ ಮೊಬೈಲಿನಲ್ಲಿ ಓದಬಲ್ಲ.

ಹಾಗಿದ್ದರೆ ತಪ್ಪುವುದೆಲ್ಲಿ? ಮೊದಲಿಗೆ ಅವಸರದಲ್ಲಿ. ಸರ್ವರ್ ಸತ್ತ ಕ್ಷಣದಿಂದ ಬರುವ ಪತ್ರವೆಲ್ಲ ನಾಶವಾಗುತ್ತಿದೆ ಎಂದು ಮಾಲೀಕರು ಗಾಬರಿಯಾಗುತ್ತಾರೆ. ಹಾಗಾಗುವುದಿಲ್ಲ. ನಮ್ಮ ಸರ್ವರ್ ಸಿಗದಿದ್ದರೆ ಕಳಿಸಿದವರ ಸರ್ವರ್ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಇಮೇಲ್ ನಿಯಮಾವಳಿಯ ಪ್ರಕಾರ ಕನಿಷ್ಠ 4-5 ದಿನ ಪ್ರಯತ್ನಿಸಬೇಕು. ಕೆಲವು ದೊಡ್ಡ ಸೇವೆಗಳು ಒಂದೆರಡು ದಿನಕ್ಕೇ ಕೈಬಿಡುವುದುಂಟು. ಅಂತೂ ಉಸಿರಾಡುವಷ್ಟು ಸಮಯ ಇದ್ದೇ ಇದೆ. ಆ ಸಮಯದಲ್ಲಿ ಮಾಡಬೇಕಾದ ಮೊದಲ ಕೆಲಸ, ಡೊಮೈನಿನ, ಎಂದರೆ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿನ, ಎಂಎಕ್ಸ್ ದಾಖಲೆಯನ್ನು ಹೊಸ ಸೇವೆಯ ಕಡೆಗೆ ತಿರುಗಿಸುವುದು. ಆ ದಾಖಲೆಯೇ ನಮ್ಮ ಪತ್ರ ಎಲ್ಲಿಗೆ ಬರಬೇಕೆಂದು ಜಗತ್ತಿಗೆ ಹೇಳುವುದು. ಅದು ತಿರುಗಿದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಕಾದಿದ್ದ ಪತ್ರಗಳೂ ಬಂದು ಇಳಿಯುತ್ತವೆ. ಹಳೆಯ ಪತ್ರಗಳನ್ನು ಆಮೇಲೆ ನಿಧಾನವಾಗಿ ಸಾಗಿಸಬಹುದು. ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸಲು ಹೊರಟು ಎರಡನ್ನೂ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಎಂಎಕ್ಸ್ ತಿರುಗಿಸಲು ಡೊಮೈನಿನ ಕೀಲಿ ಕೈಯಲ್ಲಿರಬೇಕು. ನಿಜವಾದ ಗಾಯ ಬಯಲಾಗುವುದು ಇಲ್ಲಿ. ಎಷ್ಟೋ ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೈನನ್ನು ತನ್ನದೇ ಹೆಸರಿನಲ್ಲಿ, ತನ್ನದೇ ಜಿಮೇಲ್ ವಿಳಾಸದಲ್ಲಿ ನೋಂದಾಯಿಸಿರುತ್ತಾನೆ. ಅವನಿಗೆ ಕೆಟ್ಟ ಉದ್ದೇಶ ಇತ್ತೆಂದಲ್ಲ. ಕೇಳಿದವರಿರಲಿಲ್ಲ, ತನಗೆ ಸುಲಭವಾದದ್ದನ್ನು ಮಾಡಿದ. ಈಗ ಅವನು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದಾನೆ, ನಂಬರು ಬದಲಾಗಿದೆ. ಅಂಗಡಿಯ ಬೋರ್ಡು, ವಿಸಿಟಿಂಗ್ ಕಾರ್ಡು, ಲಾರಿಯ ಬಾಗಿಲು ಎಲ್ಲದರ ಮೇಲೂ ಬರೆಸಿದ ಹೆಸರು ಕಾಗದದಲ್ಲಿ ಮಾಲೀಕರದಲ್ಲ. ವರ್ಷದ ಶುಲ್ಕ ಕಟ್ಟಲು ನೆನಪಿಸುವ ಪತ್ರವೂ ಹೋಗುವುದು ಆ ಹುಡುಗನಿಗೇ. ಅವಧಿ ಮುಗಿದು ಬಿಟ್ಟುಹೋದ ಡೊಮೈನನ್ನು ಯಾರು ಬೇಕಾದರೂ ಕೊಳ್ಳಬಹುದು; ಕೊಂಡವರಿಗೆ ಆ ವಿಳಾಸಕ್ಕೆ ಬರುವ ಪತ್ರಗಳೂ ಸಿಗುತ್ತವೆ. ಜಿಎಸ್‌ಟಿ ಪೋರ್ಟಲಿನ ಓಟಿಪಿ, ಬ್ಯಾಂಕಿನ ಸ್ಟೇಟ್‌ಮೆಂಟು, ಬುಕಿಂಗ್ ಖಾತೆಯ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದೆಲ್ಲ ಆ ವಿಳಾಸಕ್ಕೇ ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿದೀತು.

ಹೆಸರಿನ ಒಡೆತನವನ್ನು ಕಾಪಾಡಿಕೊಳ್ಳುವುದು ಈ ಸೀಮೆಗೆ ಹೊಸತೇನಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ ಸಂಡೂರಿನ ಹೆಣ್ಣುಮಕ್ಕಳ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆ ಹೆಸರನ್ನು ಬೇರೆಯವರು ಬಳಸದಂತೆ ನೋಂದಾಯಿಸಿ ಉಳಿಸಿಕೊಂಡ ಎಚ್ಚರ ನಮ್ಮ ಅಂಗಡಿ ಆಫೀಸುಗಳ ಡೊಮೈನಿಗೆ ಬಂದಿಲ್ಲ ಎಂಬುದೇ ನನ್ನ ದೂರು. ಕ್ಲೌಡಿನಲ್ಲಿ ಬಾಡಿಗೆಗೆ ಪಡೆದ ಅಂಚೆಪೆಟ್ಟಿಗೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ವಿಳಾಸ ಮಾತ್ರ ಮಾಲೀಕರ ಹೆಸರಿನಲ್ಲೇ, ಮಾಲೀಕರ ಮೊಬೈಲಿಗೇ ಜೋಡಿಸಿರಬೇಕು. ಡೊಮೈನ್ ನೋಂದಣಿಯ ಖಾತೆಯನ್ನು ಅದೇ ಡೊಮೈನಿನ ಇಮೇಲಿಗೆ ಕಟ್ಟಬಾರದು. ಕಟ್ಟಿದರೆ, ಡೊಮೈನ್ ಕೈಬಿಟ್ಟ ದಿನ ಅದನ್ನು ಬಿಡಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ.

ಹಳೆಯ ಪತ್ರಗಳ ವಿಷಯ ಬೇಸರ ತರಿಸುವಂಥದ್ದು, ಬಿಡುವಂತಿಲ್ಲ. ಹಳೆಯ ಔಟ್‌ಲುಕ್ ಬಳಸಿದ ಆಫೀಸುಗಳಲ್ಲಿ ಪತ್ರಗಳು ಒಬ್ಬೊಬ್ಬರ ಕಂಪ್ಯೂಟರಿನ ಪಿಎಸ್‌ಟಿ ಫೈಲುಗಳಲ್ಲಿ ಹರಿದು ಹಂಚಿಹೋಗಿರುತ್ತವೆ. 2002ರವರೆಗಿನ ಆವೃತ್ತಿಗಳಲ್ಲಿ ಆ ಫೈಲು 2 ಜಿಬಿ ಮುಟ್ಟಿದರೆ ಕೆಡುವ ಭಯವೂ ಇತ್ತು. ಹೊಸ ಪೆಟ್ಟಿಗೆ ತೆರೆದ ಖುಷಿಯಲ್ಲಿ ಇವನ್ನು ಮರೆಯುತ್ತಾರೆ. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ದಾಖಲೆ ಇಡಲು ಹೇಳುತ್ತದೆ. ಕಂಪನಿಯಾಗಿ ನೋಂದಾದವರ ಲೆಕ್ಕಪತ್ರ ಎಲೆಕ್ಟ್ರಾನಿಕ್ ರೂಪದಲ್ಲಿದ್ದರೆ ಅದರ ಬ್ಯಾಕಪ್ ದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಆಗಬೇಕೆಂದು 2022ರ ಆಗಸ್ಟಿನ ತಿದ್ದುಪಡಿ ಹೇಳುತ್ತದೆ. ಬಿಲ್ಲು, ಒಪ್ಪಂದ, ತೂಕದ ಚೀಟಿಗಳ ಫೋಟೊ ಇಮೇಲಿನಲ್ಲೇ ಉಳಿದಿರುವಾಗ ಆಡಿಟರ್ ಕೇಳಿದ ದಿನ ಹುಡುಕಾಡಿ ಫಲವಿಲ್ಲ.

ಕ್ಲೌಡಿಗೆ ಹೋದ ಮೇಲೆ ಬ್ಯಾಕಪ್ ಬೇಡ ಎಂಬ ನಂಬಿಕೆಯೂ ಬಲವಾಗಿದೆ. ಗೂಗಲ್ ವರ್ಕ್‌ಸ್ಪೇಸಿನಲ್ಲಿ ಅಳಿಸಿದ ಪತ್ರ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಅಡ್ಮಿನ್ ಅದನ್ನು ಹಿಂದಕ್ಕೆ ತರಲು 25 ದಿನ. ಅಷ್ಟೇ. ಕ್ಲೌಡ್ ಎಂಬುದೂ ಯಾವುದೋ ಊರಿನ ಒಂದು ಕಟ್ಟಡವೇ: 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ ಬೇರೆ ಕಡೆ ನಕಲು ಇಟ್ಟುಕೊಳ್ಳದವರು ಮಾಹಿತಿ ಕಳೆದುಕೊಂಡರು. ಬೆಂಕಿ ಬೀಳದೆಯೂ ಬಾಗಿಲು ಮುಚ್ಚಬಹುದು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಬೆನ್ನಲ್ಲೇ ನಮ್ಮ ದೇಶದ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆ ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ನಡುವಿನ ದಿನಗಳಲ್ಲಿ ಆ ಕಂಪನಿ ರೆಡಿಫ್ ಇಮೇಲಿನ ಮೊರೆಹೋಯಿತು. ತೈಲ ಕಂಪನಿಗೆ ಹೈಕೋರ್ಟಿನ ವಕೀಲರಿದ್ದಾರೆ. ಲಾರಿ ಆಫೀಸಿಗೆ ಇರುವ ರಕ್ಷಣೆಗಳು ಎರಡೇ: ತಿಂಗಳಿಗೊಮ್ಮೆ ಎಲ್ಲ ಪತ್ರಗಳನ್ನು ಇಳಿಸಿಕೊಂಡು ಬೇರೆ ಡಿಸ್ಕಿನಲ್ಲಿ ಇಡುವುದು, ಮತ್ತು ಬೇರೆ ಪೆಟ್ಟಿಗೆಗೆ ತಿರುಗಿಸಬಲ್ಲ ಸ್ವಂತ ವಿಳಾಸ.

ಬದಲಿಯನ್ನು ಮೊದಲೇ ತಯಾರಿಟ್ಟುಕೊಳ್ಳಬೇಕು ಎಂಬುದನ್ನು ಹೊಸಪೇಟೆಯವರಿಗೆ ವಿವರಿಸುವುದು ಕಷ್ಟವಾಗಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋದಾಗ ಗೇಟಿನ ಜಾಗದಲ್ಲಿ ತಕ್ಷಣ ಇಳಿಸಲು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ತಯಾರಿರಲಿಲ್ಲ. ನೀರು ಹರಿದು ಹೋಗುತ್ತಿರುವಾಗಲೇ ಅದನ್ನು ಮಾಡಿಸಿ, ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರಕ್ಕೆ ಕೂರಿಸಿದರು. ಕೆಲಸಗಾರರ ಧೈರ್ಯಕ್ಕೆ ನಾವೆಲ್ಲ ಕೈಮುಗಿದೆವು. ಆ ವಾರದ ನೀರು ವಾಪಸು ಬರಲಿಲ್ಲ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಕ್ಲೌಡ್ ಸೇವೆಗಳು ತಲೆಗೆ ಇಷ್ಟು ಎಂದು ಬಾಡಿಗೆ ಪಡೆಯುತ್ತವೆ, ಆದರೆ ಬುಕಿಂಗ್, ಅಕೌಂಟ್ಸ್, ಡಿಸ್‌ಪ್ಯಾಚ್ ಎಂಬ ಹೆಸರಿನ ವಿಳಾಸಗಳಿಗೆಲ್ಲ ಬೇರೆ ಪೆಟ್ಟಿಗೆ ಕೊಳ್ಳಬೇಕಿಲ್ಲ; ಇರುವ ಪೆಟ್ಟಿಗೆಗೇ ಎರಡನೆಯ ಹೆಸರಾಗಿ ಸೇರಿಸಬಹುದು. ಹತ್ತು ಪೆಟ್ಟಿಗೆ ಮಾರಿ ಹೋಗುವ ರಿಪೇರಿಯವರು ಇದನ್ನು ಹೇಳಬೇಕು. ಪತ್ರ ನಿಜವಾಗಿ ನಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ಎಂಬ ಎರಡು ದಾಖಲೆಗಳನ್ನು ಡೊಮೈನಿಗೆ ಹಾಕಿಕೊಡಬೇಕು. ಇಲ್ಲದಿದ್ದರೆ ನಮ್ಮ ಬಿಲ್ಲು ಗಿರಾಕಿಯ ಸ್ಪ್ಯಾಮಿಗೆ ಬೀಳುವ ಸಂಭವ ಹೆಚ್ಚು, 2024ರ ಫೆಬ್ರುವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಕೆಲಸ ಮುಗಿಸಿ ಹೋಗುವ ಮುನ್ನ ಕನ್ನಡದಲ್ಲಿ ಒಂದು ಪುಟ ಬರೆದುಕೊಡಬೇಕು: ಡೊಮೈನ್ ಎಲ್ಲಿ ನೋಂದಾಗಿದೆ, ಯಾರ ಹೆಸರಲ್ಲಿ, ಯಾವ ತಾರೀಖಿಗೆ ಮುಗಿಯುತ್ತದೆ, ಅಡ್ಮಿನ್ ಅಧಿಕಾರ ಇರುವ ಇಬ್ಬರು ಯಾರು, ಹಳೆಯ ಪತ್ರ ಯಾವ ಡಿಸ್ಕಿನಲ್ಲಿದೆ. ಟ್ರೇಡ್ ಲೈಸೆನ್ಸು, ಜಿಎಸ್‌ಟಿ ಸರ್ಟಿಫಿಕೇಟು ಇಡುವ ಫೈಲಿನಲ್ಲೇ ಆ ಪುಟವೂ ಇರಬೇಕು. ಅದನ್ನು ಬರೆದುಕೊಡದ ಕೆಲಸಕ್ಕೆ ಮಾಲೀಕರು ಪೂರ್ತಿ ಹಣ ಕೊಡಬೇಕಿಲ್ಲ.