ಡರ್ಬನ್ನಿನ ಒಂದು ಸ್ಕೋರ್‌ಕಾರ್ಡ್: ಸಾಲುಸಾಲಿನ ವ್ಯಾಖ್ಯಾನ

ಕೊಡಗಿನ ನೆಲ್ಯಹುದಿಕೇರಿಯ ಚಹಾದಂಗಡಿಗಳಲ್ಲಿ ಮಲಯಾಳ, ತಮಿಳು, ಕೊಡವ ತಕ್ಕ್, ಕನ್ನಡ ಎಲ್ಲವೂ ಒಂದೇ ಬೆಂಚಿನ ಮೇಲೆ ನಡೆಯುತ್ತವೆ. ಪಂದ್ಯವಿದ್ದ ದಿನ ಮಾತ್ರ ಯಾವ ಭಾಷೆಯವರು ಬಂದರೂ ಮೊದಲು ಕೇಳುವುದು ಸ್ಕೋರ್ ಎಷ್ಟಾಯ್ತು ಅಂತಲೇ. ಮಳೆಗಾಲದಲ್ಲಿ ಇಲ್ಲಿ ಕ್ರಿಕೆಟ್ ಅರ್ಧ ನೋಡುವುದು, ಅರ್ಧ ಓದುವುದು. ತೋಟದ ಮರ ತಂತಿಯ ಮೇಲೆ ಬಿತ್ತೆಂದರೆ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ನೋಡಲಾಗದ್ದನ್ನು ಪತ್ರಿಕೆಯ ಸ್ಕೋರ್‌ಕಾರ್ಡಿನಲ್ಲಿ ಹುಡುಕಿ ಓದಿಯೇ ನಮ್ಮ ತಲೆಮಾರಿನವರು ಕ್ರಿಕೆಟ್ ಕಲಿತದ್ದು. ಓದುವ ರೂಢಿ ಇದ್ದವರಿಗೆ ಆ ಅಂಕಿಗಳಲ್ಲಿ ಬಹುಪಾಲು ಪಂದ್ಯ ಸಿಕ್ಕಿಬಿಡುತ್ತದೆ. ಆದರೂ ಎಲ್ಲಕ್ಕಿಂತ ಮುಖ್ಯವಾದದ್ದೇ ಕೆಲವೊಮ್ಮೆ ಅದರಲ್ಲಿ ಜಾಗ ಸಿಗದೆ ಹೊರಗುಳಿಯುತ್ತದೆ. ಅಂಥ ಒಂದು ಕಾರ್ಡನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಸೂಪರ್ ಓವರ್ ನೋಡಿ ಬೆಳೆದ ಹುಡುಗರಿಗೆ ಇದರ ಫಲಿತಾಂಶದ ಸಾಲು ಅರ್ಥವಾಗುವುದಿಲ್ಲ. ಆ ಸಾಲಿನೊಳಗೆ ಕೊಡಗಿನ ಒಬ್ಬ ಆಟಗಾರನಿದ್ದಾನೆ ಎಂಬುದಂತೂ ಗೊತ್ತೇ ಆಗುವುದಿಲ್ಲ.

ವಿಶ್ವ ಟ್ವೆಂಟಿ20, ‘ಡಿ’ ಗುಂಪು: ಭಾರತ–ಪಾಕಿಸ್ತಾನ. ಕಿಂಗ್ಸ್‌ಮೀಡ್, ಡರ್ಬನ್, 14 ಸೆಪ್ಟೆಂಬರ್ 2007

ದಿನಾಂಕವನ್ನು ಗಮನವಿಟ್ಟು ಓದಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ಏಕದಿನ ವಿಶ್ವಕಪ್‌ನಿಂದ ಭಾರತ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ರಾಹುಲ್ ದ್ರಾವಿಡ್ ನಾಯಕತ್ವದ ಆ ತಂಡಕ್ಕೆ ಅದು ಬಹಳ ನೋವಿನ ಸೋಲು. ಆರೇ ತಿಂಗಳಿಗೆ ಬಂದ ಈ ಹೊಸ ಟೂರ್ನಿಗೆ ದ್ರಾವಿಡ್, ಸಚಿನ್, ಗಂಗೂಲಿ ಮೂವರೂ ಹೋಗಲಿಲ್ಲ. ಧೋನಿಗೆ ನಾಯಕತ್ವ ಸಿಕ್ಕಿತು. ಇಪ್ಪತ್ತು ಓವರುಗಳ ಆಟದಲ್ಲಿ ಭಾರತಕ್ಕೆ ಅನುಭವವೆಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. 2006ರ ಡಿಸೆಂಬರ್ 1ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಆಡಿದ್ದ ಒಂದೇ ಒಂದು ಅಂತರರಾಷ್ಟ್ರೀಯ ಪಂದ್ಯ ಅದರ ಬೆನ್ನಿಗಿತ್ತು. ಈ ಟೂರ್ನಿಯಲ್ಲೂ ಹಿಂದಿನ ದಿನ ಸ್ಕಾಟ್ಲೆಂಡ್ ವಿರುದ್ಧ ಇದೇ ಮೈದಾನದಲ್ಲಿ ನಡೆಯಬೇಕಿದ್ದ ಪಂದ್ಯ ಒಂದು ಎಸೆತವೂ ಕಾಣದೆ ಮಳೆಗೆ ಹೋಗಿತ್ತು. ಹಾಗಾಗಿ ಧೋನಿ ನಾಯಕನಾಗಿ ನಿಜಕ್ಕೂ ಆಡಿದ ಮೊದಲ ಪಂದ್ಯ ಇದೇ.

ಟಾಸ್: ಪಾಕಿಸ್ತಾನ, ಫೀಲ್ಡಿಂಗ್ ಆಯ್ಕೆ

ಮಳೆ ನಿಂತ ಮರುದಿನ, ಕಡಲ ತೀರದ ಊರು, ಕೈಯಲ್ಲಿ ಆಸಿಫ್‌ನಂಥ ಬೌಲರ್. ಯಾವ ನಾಯಕನಾದರೂ ಇದನ್ನೇ ಆರಿಸುತ್ತಿದ್ದ.

ಮೊಹಮ್ಮದ್ ಆಸಿಫ್ 4-0-18-4

ನಾಲ್ಕು ಅಂಕಿಗಳನ್ನು ಎಡದಿಂದ ಓದಬೇಕು: ಹಾಕಿದ ಓವರು, ರನ್ ಕೊಡದ ಓವರು, ಕೊಟ್ಟ ರನ್, ಪಡೆದ ವಿಕೆಟ್. ಇಪ್ಪತ್ತು ಓವರುಗಳ ಆಟದಲ್ಲಿ ಒಬ್ಬ ಬೌಲರಿಗೆ ನಾಲ್ಕೇ ಓವರು. ಅವನ್ನು ಯಾವಾಗ ಮುಗಿಸಿದ ಎಂಬುದನ್ನು ಈ ಸಾಲು ಹೇಳುವುದಿಲ್ಲ. ಅದಕ್ಕಾಗಿ ಬ್ಯಾಟಿಂಗ್ ಪಟ್ಟಿಗೆ ಕಣ್ಣು ಹಾಯಿಸಬೇಕು. ಗಂಭೀರ್ ಸೊನ್ನೆ, ಸೆಹ್ವಾಗ್ 5, ಯುವರಾಜ್ 1, ಕಾರ್ತಿಕ್ 11. ನಾಲ್ವರ ಹೆಸರಿನ ಮುಂದೆಯೂ ಆಸಿಫ್. ತಂಡದ ಮೊತ್ತ 36 ಆಗುವಷ್ಟರಲ್ಲಿ ನಾಲ್ಕು ವಿಕೆಟ್ ಬಿದ್ದಿತ್ತು. ಆಸಿಫ್ ವೇಗವನ್ನೇ ನೆಚ್ಚಿದ ಬೌಲರ್ ಅಲ್ಲ. ಚೆಂಡಿನ ಹೊಲಿಗೆಯನ್ನು ನೆಟ್ಟಗೆ ಹಿಡಿದು ಒಂದೇ ಜಾಗಕ್ಕೆ ಹಾಕುತ್ತಿದ್ದ. ಅದು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಎಂದು ದಾಂಡಿಗ ತಿಳಿಯುವುದು ಚೆಂಡು ನೆಲ ಮುಟ್ಟಿದ ಮೇಲೆ. ಹದವಾದ ಪಿಚ್ಚಿನಲ್ಲಿ ಅಂಥವನನ್ನು ಹೊಡೆಯುತ್ತೇನೆಂದು ಹೊರಟವರು ಉಳಿಯಲಿಲ್ಲ.

ರಾಬಿನ್ ಉತ್ತಪ್ಪ 50 (39 ಎಸೆತ)

ಕೊಡಗಿನವರು ಈ ಕಾರ್ಡನ್ನು ಎತ್ತಿಟ್ಟುಕೊಳ್ಳಬೇಕಾದದ್ದು ಈ ಸಾಲಿಗಾಗಿ. ಗಂಭೀರ್ ಬಳಿಕ ಇನ್ನೂ ಮೂವರು ಒಂದು ಕೊನೆಯಿಂದ ಹೋಗುತ್ತಿದ್ದಾಗ ಇನ್ನೊಂದು ಕೊನೆಯಲ್ಲಿ ನಿಂತದ್ದು ಇಪ್ಪತ್ತೊಂದು ವರ್ಷದ ಉತ್ತಪ್ಪ. ಭಾರತದ ಪರ ಟಿ20 ಅಂತರರಾಷ್ಟ್ರೀಯ ಪಂದ್ಯದಲ್ಲಿ ಬಂದ ಮೊದಲ ಅರ್ಧಶತಕ ಇದು. ಮುಂದೆ ಕೊಹ್ಲಿ, ರೋಹಿತ್, ರಾಹುಲ್, ಸೂರ್ಯಕುಮಾರ್ ಹೊಡೆದ ಎಷ್ಟೋ ಅರ್ಧಶತಕಗಳ ಪಟ್ಟಿ ಈ ಸಾಲಿನಿಂದ ಶುರುವಾಗುತ್ತದೆ. ಈ ಮಾತನ್ನು ನಮ್ಮೂರಿನಲ್ಲೇ ಬಹಳ ಮಂದಿ ಮರೆತಿದ್ದಾರೆ. ಅದು ನನಗೆ ಬೇಸರದ ಸಂಗತಿ.

ಮೂವತ್ತೊಂಬತ್ತು ಎಸೆತಕ್ಕೆ ಐವತ್ತು ಇವತ್ತಿನ ಲೆಕ್ಕದಲ್ಲಿ ನಿಧಾನವೆನಿಸಬಹುದು. ಈ ಅಂಕಿಯನ್ನು 36ಕ್ಕೆ 4 ಎಂಬುದರ ಪಕ್ಕದಲ್ಲಿಟ್ಟು ಓದಬೇಕು. ತಂಡದ ಒಟ್ಟು ಮೊತ್ತ 141. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಒಬ್ಬನದು. ವೇಗದ ಬೌಲರನಿಗೆ ಕ್ರೀಸ್ ಬಿಟ್ಟು ಎರಡು ಹೆಜ್ಜೆ ನಡೆದೇ ಎದುರಾಗುವುದು ಉತ್ತಪ್ಪನ ರೀತಿ. ನಡೆದು ಬಂದರೆ ಬೌಲರ್ ಇಟ್ಟುಕೊಂಡ ಅಳತೆ ಕೆಡುತ್ತದೆ. ತಪ್ಪಿದರೆ ನೋಡುವವರು ಬೈಯುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

ಹಾಕಿಯೇ ಉಸಿರಾಗಿರುವ ಜಿಲ್ಲೆ ನಮ್ಮದು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಆರಂಭವಾದ ಮೇಲಂತೂ ಬೇಸಿಗೆಯೆಂದರೆ ಹಾಕಿಯೇ. ಉತ್ತಪ್ಪನ ತಂದೆ ವೇಣು ಉತ್ತಪ್ಪ ಅಂತರರಾಷ್ಟ್ರೀಯ ಹಾಕಿ ಅಂಪೈರ್ ಆಗಿದ್ದವರು. ಹಾಕಿಯ ಮನೆಯಿಂದ ಬ್ಯಾಟ್ ಹಿಡಿದು ಹೊರಟ ಹುಡುಗ 2006ರ ಏಪ್ರಿಲ್ 15ರಂದು ಇಂದೋರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತನ್ನ ಮೊದಲ ಏಕದಿನ ಪಂದ್ಯ ಆಡಿದ. 86 ಹೊಡೆದು ರನ್‌ಔಟ್ ಆದ. ಚೊಚ್ಚಲ ಏಕದಿನ ಪಂದ್ಯದಲ್ಲಿ ಭಾರತೀಯನೊಬ್ಬನ ಅತಿ ಹೆಚ್ಚಿನ ಮೊತ್ತ ಆಗ ಅದೇ. ಅದಕ್ಕೆ ಮೊದಲು ಆ ದಾಖಲೆ 82 ರನ್ನಿನದು. 1974ರ ಜುಲೈ 13ರಂದು ಲೀಡ್ಸ್‌ನಲ್ಲಿ ಭಾರತ ತನ್ನ ಮೊಟ್ಟಮೊದಲ ಏಕದಿನ ಪಂದ್ಯ ಆಡಿದಾಗ ಕರ್ನಾಟಕದ ಬ್ರಿಜೇಶ್ ಪಟೇಲ್ ಹೊಡೆದದ್ದು. ಉತ್ತಪ್ಪನ 86ನ್ನು ದಾಟಿದವನು ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್: 2016ರ ಜೂನ್ 11, ಹರಾರೆ, ಔಟಾಗದೆ 100. ನಲವತ್ತು ವರ್ಷಕ್ಕೂ ಮಿಕ್ಕಿ ಈ ದಾಖಲೆ ಕೈ ಬದಲಾಯಿಸಿದ್ದು ಕರ್ನಾಟಕ ತಂಡದೊಳಗೇ. ಆ ಸರಪಳಿಯ ನಡುವಿನ ಕೊಂಡಿ ಕೊಡಗಿನದು.

ಉತ್ತಪ್ಪ ಒಟ್ಟು ಆಡಿದ್ದು 46 ಏಕದಿನ, 13 ಟಿ20. ಅವನ ಕೈಯಲ್ಲಿದ್ದ ಆಟಕ್ಕೆ ಇದು ಕಡಿಮೆ ಎಂದೇ ನನ್ನ ಅಭಿಪ್ರಾಯ. ಸ್ಥಾನ ಒಮ್ಮೆ ಆರಂಭಿಕ, ಒಮ್ಮೆ ಏಳನೆಯದು. ಊರಿಲ್ಲದ ಬಾಡಿಗೆದಾರನಂತೆ ಅವನನ್ನು ಕ್ರಮಾಂಕದ ಮೇಲೂ ಕೆಳಗೂ ಓಡಾಡಿಸಿದರು. 2022ರಲ್ಲಿ ಅವನು ವಿದಾಯ ಹೇಳಿದ್ದೂ ಸೆಪ್ಟೆಂಬರ್ 14ರಂದೇ.

ಭಾರತ 9 ವಿಕೆಟಿಗೆ 141 (20 ಓವರು)

ಧೋನಿ 33, ಇರ್ಫಾನ್ ಪಠಾಣ್ 20. ಉಳಿದವರದು ಚಿಲ್ಲರೆ.

ಮಿಸ್ಬಾ ಉಲ್ ಹಕ್, ರನ್‌ಔಟ್ 53. ಪಾಕಿಸ್ತಾನ 7 ವಿಕೆಟಿಗೆ 141 (20 ಓವರು)

‘ರನ್‌ಔಟ್’ ಎಂಬ ಶಬ್ದವನ್ನು ಓದಿ ಮುಂದೆ ಹೋಗಿಬಿಡುವವರೇ ಹೆಚ್ಚು. ಇಲ್ಲಿ ನಿಲ್ಲಬೇಕು. ಎರಡೂ ತಂಡದ ಮೊತ್ತ ಒಂದೇ, ಓವರು ಪೂರ್ತಿ ಇಪ್ಪತ್ತು. ಅಂದಮೇಲೆ ಕೊನೆಯ ಎಸೆತದಲ್ಲಿ ಏನೋ ಆಗಿದೆ. ಶ್ರೀಶಾಂತ್ ಹಾಕಿದ ಕೊನೆಯ ಓವರಿಗೆ 12 ರನ್ ಬೇಕಿತ್ತು. ಮಿಸ್ಬಾ ಹೊಡೆದೂ ಹೊಡೆದೂ ಲೆಕ್ಕ ಸರಿಮಾಡಿದ. ಎರಡು ಎಸೆತಕ್ಕೆ ಒಂದೇ ರನ್ ಸಾಕು ಎಂಬಲ್ಲಿಗೆ ಬಂತು. ಐದನೆಯದಕ್ಕೆ ರನ್ ಬರಲಿಲ್ಲ. ಆರನೆಯದಕ್ಕೆ ಓಡಿದ, ತಲುಪಲಿಲ್ಲ. ಹತ್ತು ದಿನಗಳ ಬಳಿಕ ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲೂ ಇದೇ ಮಿಸ್ಬಾ ಕೊನೆಯ ಓವರಿನಲ್ಲಿ ಔಟಾದ, ಪಾಕಿಸ್ತಾನ ಐದು ರನ್ನಿನಿಂದ ಸೋತಿತು. ಎದುರಾಳಿಯಾದರೂ ಈ ಎರಡು ರಾತ್ರಿ ಆ ಮನುಷ್ಯ ಒಬ್ಬನೇ ತಂಡವನ್ನು ಹೊತ್ತು ತಂದ ಬಗೆಗೆ ಗೌರವ ಕೊಡದಿರಲು ಆಗುವುದಿಲ್ಲ.

ಫಲಿತಾಂಶ: ಟೈ (ಬೌಲ್‌ಔಟ್‌ನಲ್ಲಿ ಭಾರತಕ್ಕೆ 3–0)

ಹುಡುಗರು ಕೇಳುವುದು ಇದನ್ನೇ. ಆಗ ಸೂಪರ್ ಓವರ್ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಟೈ ಆದರೆ ಪ್ರತಿ ತಂಡದಿಂದ ಐವರು ಬಂದು, ಒಬ್ಬೊಬ್ಬರು ಒಂದೊಂದು ಎಸೆತ ಹಾಕಬೇಕು. ದಾಂಡಿಗನಿಲ್ಲ, ಮೂರು ಸ್ಟಂಪುಗಳಷ್ಟೇ. ಹೆಚ್ಚು ಸಲ ಸ್ಟಂಪಿಗೆ ತಾಗಿಸಿದವರು ಗೆದ್ದಂತೆ. ಭಾರತದ ಪರ ಸೆಹ್ವಾಗ್, ಹರ್ಭಜನ್, ಉತ್ತಪ್ಪ ಹಾಕಿದರು, ಮೂರೂ ತಾಗಿದವು. ಪಾಕಿಸ್ತಾನದ ಯಾಸಿರ್ ಅರಾಫತ್, ಉಮರ್ ಗುಲ್, ಅಫ್ರಿದಿ ಮೂವರೂ ತಪ್ಪಿದರು. ಇನ್ನುಳಿದ ಎರಡು ತಾಗಿದರೂ ಪಾಕಿಸ್ತಾನಕ್ಕೆ ಮೂರಾಗುವುದಿಲ್ಲ, ಆದ್ದರಿಂದ ಅಲ್ಲಿಗೇ ಮುಗಿಯಿತು. ಉತ್ತಪ್ಪ ಕ್ಯಾಪ್ ತೆಗೆದು ಬಗ್ಗಿ ವಂದಿಸಿದ.

ಖಾಲಿ ಸ್ಟಂಪಿಗೆ ಹೊಡೆಯುವುದರಲ್ಲಿ ಏನಿದೆ ಎನ್ನುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು. ಸೆಪ್ಟೆಂಬರ್‌ನಲ್ಲಿ ಕಾಫಿ ಕಣ ಖಾಲಿ ಬಿದ್ದಿರುತ್ತದೆ, ಹಣ್ಣು ಕುಯ್ಯಲು ಇನ್ನೂ ಸಮಯವಿರುತ್ತದೆ. ಆ ಪಂದ್ಯವಾದ ಮೇಲೆ ನಮ್ಮ ಕಡೆಯ ಹುಡುಗರೆಲ್ಲ ಕಣದಲ್ಲಿ ಸಿಲ್ವರ್ ಓಕಿನ ಮೂರು ಕೋಲು ನಿಲ್ಲಿಸಿ, ಇಪ್ಪತ್ತೆರಡು ಗಜ ಅಳೆದು, ಟೆನಿಸ್ ಚೆಂಡಿನಲ್ಲಿ ಇದನ್ನೇ ಆಡಿದರು. ಜೋರಾಗಿ ಹಾಕುವವನದು ಸ್ಟಂಪಿನ ಮೇಲೆಯೋ ಪಕ್ಕಕ್ಕೋ ಹೋಗುತ್ತಿತ್ತು. ಮೆಲ್ಲಗೆ ಹಾಕುವವನದು ತಾಗುತ್ತಿತ್ತು. ಕಾರಣ ಸರಳ. ಒಂಬತ್ತೇ ಅಂಗುಲ ಅಗಲದ ಗುರಿ ಅದು. ವೇಗದ ಬೌಲರ್ ದಿನವೂ ಅಭ್ಯಾಸ ಮಾಡುವುದು ದಾಂಡಿಗನ ಆಫ್ ಸ್ಟಂಪಿನ ಆಚೆಗೆ ಹಾಕುವುದನ್ನು. ದಾಂಡಿಗನೇ ಇಲ್ಲದಿದ್ದರೆ ಅವನ ಕಣ್ಣಿನ ಗುರುತು ಹೋಗಿಬಿಡುತ್ತದೆ.

ಭಾರತ ಇದನ್ನು ಮೊದಲೇ ಕಂಡುಕೊಂಡಿತ್ತು. ಆಗ ತಂಡದ ಬೌಲಿಂಗ್ ಕೋಚ್ ನಮ್ಮ ಬೆಂಗಳೂರಿನ ವೆಂಕಟೇಶ್ ಪ್ರಸಾದ್. ನಿಯಮ ಓದಿಕೊಂಡು, ಅಭ್ಯಾಸದ ವೇಳೆಯಲ್ಲೇ ತಂಡದವರಿಂದ ಬೌಲ್‌ಔಟ್ ಆಡಿಸುತ್ತಿದ್ದರು. ಯಾರ ಕೈ ಸ್ಟಂಪಿಗೆ ತಾಗುತ್ತದೆ ಎಂಬುದು ಅಲ್ಲೇ ಗೊತ್ತಾಗಿತ್ತು. ಆದ್ದರಿಂದಲೇ ಶ್ರೀಶಾಂತ್, ಆರ್.ಪಿ. ಸಿಂಗ್‌ರಂಥ ವೇಗಿಗಳು ಇದ್ದರೂ ದಾಂಡಿಗರಾದ ಸೆಹ್ವಾಗ್ ಮತ್ತು ಉತ್ತಪ್ಪನ ಕೈಗೆ ಮೊದಲು ಚೆಂಡು ಹೋಯಿತು. ಇನ್ನೊಂದು ಸಣ್ಣ ವಿಷಯವನ್ನು ದೃಶ್ಯ ನೋಡಿದವರು ಗಮನಿಸಿರಬಹುದು. ಧೋನಿ ಸ್ಟಂಪಿನ ನೇರ ಹಿಂದೆ ಮಂಡಿಯೂರಿ ಕುಳಿತಿದ್ದರು. ಬೌಲರಿಗೆ ಅವರ ಕಡೆಗೆ ಹಾಕಿದರೆ ಸಾಕು, ಸ್ಟಂಪು ನಡುವೆ ಸಿಗುತ್ತದೆ. ಪಾಕಿಸ್ತಾನದ ವಿಕೆಟ್‌ಕೀಪರ್ ಕಮ್ರಾನ್ ಅಕ್ಮಲ್ ಮಾಮೂಲಿನಂತೆ ಪಕ್ಕಕ್ಕೆ ನಿಂತಿದ್ದ. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಆಮಿರ್ ಸೊಹೈಲ್‌ನ ಸ್ಟಂಪ್ ಹಾರಿಸಿದ ಪ್ರಸಾದ್ ಎಲ್ಲರಿಗೂ ನೆನಪಿದ್ದಾರೆ. ಡರ್ಬನ್ನಿನ ಪ್ರಸಾದ್ ಅವರಿಗೂ ಅಷ್ಟೇ ಮನ್ನಣೆ ಸಲ್ಲಬೇಕು. ಸಾವಿರಕ್ಕೊಮ್ಮೆ ಬರುವ ಸಂದರ್ಭಕ್ಕೆ ದಿನವೂ ತಯಾರಿ ಮಾಡಿಸುವುದು ಸಣ್ಣ ಕೆಲಸವಲ್ಲ.

ಪಂದ್ಯ ಟೈ ಆದ ಕ್ಷಣಕ್ಕೇ ಎರಡೂ ತಂಡಗಳು ಮುಂದಿನ ಸುತ್ತು ಸೇರಿಯಾಗಿತ್ತು, ಆದ್ದರಿಂದ ಬೌಲ್‌ಔಟ್‌ನಿಂದ ಏನೂ ಬದಲಾಗಲಿಲ್ಲ ಎಂದು ವಾದಿಸುವವರಿದ್ದಾರೆ. ಮುಂದಿನ ಸುತ್ತಿಗೆ ಹೋಗುವ ಲೆಕ್ಕಕ್ಕೆ ಆ ಮಾತು ಸರಿ. ಹೊಸ ನಾಯಕ, ಹೊಸ ತಂಡ, ಪಾಕಿಸ್ತಾನದ ಎದುರು ಕೊನೆಯ ಎಸೆತದವರೆಗೂ ಹೋಗಿ ಸೋಲದೆ ಬಂದದ್ದು ಮುಂದಿನ ಹತ್ತು ದಿನಗಳಿಗೆ ಏನು ಕೊಟ್ಟಿತು ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಈಗ ಕಾರ್ಡಿನ ಬೌಲಿಂಗ್ ಪಟ್ಟಿಯನ್ನು ಮತ್ತೆ ನೋಡಿ: ಉತ್ತಪ್ಪನ ಹೆಸರಿಲ್ಲ. ಬೌಲ್‌ಔಟ್ ಪಂದ್ಯದ ಭಾಗವಲ್ಲವಾದ್ದರಿಂದ ಅವನು ಹಾಕಿದ ಆ ಎಸೆತ ಯಾವ ಅಂಕಣದಲ್ಲೂ ದಾಖಲಾಗಿಲ್ಲ. ಆವರಣದೊಳಗಿನ ಆ ಮೂರರಲ್ಲಿ ಒಂದು ಅವನದು, ಅಷ್ಟೇ.

ಪಂದ್ಯಶ್ರೇಷ್ಠ: ಮೊಹಮ್ಮದ್ ಆಸಿಫ್

ಇದರಲ್ಲಿ ತಕರಾರಿಲ್ಲ. ನಿಗದಿತ ನಲವತ್ತು ಓವರುಗಳಲ್ಲಿ ಅವನಿಗಿಂತ ಚೆನ್ನಾಗಿ ಆಡಿದವರು ಯಾರೂ ಇರಲಿಲ್ಲ. ದಾಖಲೆ ಪುಸ್ತಕದ ಪ್ರಕಾರ ಅವನ ತಂಡ ಆ ದಿನ ಸೋತೂ ಇಲ್ಲ.