ಇಂದ್ರಾಣಿಗೊಂದು ಸೈಕಲ್ ಟ್ರ್ಯಾಕ್ ಬೇಕಂತೆ

ರಜೆಗೆ ಊರಿಗೆ ಬಂದಿದ್ದ ಬೆಂಗಳೂರಿನ ಗೆಳೆಯ ಕಲ್ಸಂಕದಲ್ಲಿ ನಿಂತು, "ಈ ತೋಡಿನ ಬದಿಗೇ ಕಲ್ಮಾಡಿವರೆಗೆ ಒಂದು ಸೈಕಲ್ ಟ್ರ್ಯಾಕ್ ಮಾಡಿದ್ರೆ ಭಾರೀ ಲಾಯ್ಕ್ ಆಗ್ತದಲ್ಲ ಮಾರಾಯ" ಅಂದ. ನಾನೂ ಸೈಕಲ್ ಹುಚ್ಚಿನವನೇ. ಮಣಿಪಾಲದ ಇಳಿಜಾರಿನಲ್ಲಿ ಬಸ್ಸುಗಳ ಪಕ್ಕ ಜೀವ ಕೈಯಲ್ಲಿ ಹಿಡಿದು ಇಳಿದವರಿಗೆ ಇಂಥ ದಾರಿಯ ಆಸೆ ಎಷ್ಟಿರುತ್ತದೆ ಅಂತ ಗೊತ್ತು. ಆದರೂ ಹೂಂ ಅನ್ನಲು ಬಾಯಿ ಬರಲಿಲ್ಲ. ಗಾಳಿ ತೋಡಿನ ಕಡೆಯಿಂದ ಬೀಸುತ್ತಿತ್ತು.

ಇಲ್ಲಿನ ಹೆಸರುಗಳನ್ನೇ ನೋಡಿ. ಕಲ್ಸಂಕ ಅಂದರೆ ಕಲ್ಲಿನ ಸಂಕ, ಅಂದರೆ ಕಾಲುಸೇತುವೆ. ಪಕ್ಕದ್ದು ಬೈಲಕೆರೆ, ಬೈಲೂ ಉಂಟು, ಕೆರೆಯೂ ಉಂಟು. ಇಂದ್ರಾಳಿ ಕಡೆಯಿಂದ ಇಳಿದು ಬರುವ ಇಂದ್ರಾಣಿ ಈ ಬೈಲುಗಳ ನೀರನ್ನೆಲ್ಲ ಸೇರಿಸಿಕೊಂಡು ಕಲ್ಮಾಡಿ ಹತ್ತಿರ ಹಿನ್ನೀರಿಗೆ ಹೋಗುತ್ತದೆ. ನಮ್ಮ ಕಡೆ ಏಣೆಲು ಬೆಳೆಗೆ ಮಳೆ ಸಾಕು. ಸುಗ್ಗಿ, ಕೊಳಕೆಗೆ ತೋಡಿಗೆ ಅಡ್ಡ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದರು. ಗದ್ದೆಯ ಹುಣಿಯೇ ಓಡಾಡುವ ದಾರಿ. ಅಂದರೆ ತೋಡಿನ ಬದಿಯ ದಾರಿ ನಮಗೆ ಹೊಸ ಐಡಿಯಾ ಏನಲ್ಲ. ಗದ್ದೆ ಸೈಟ್ ಆದಾಗ ಹುಣಿಯೂ ಹೋಯ್ತು, ತೋಡು ಕಾಂಪೌಂಡುಗಳ ಹಿತ್ತಿಲಿಗೆ ಸರಿಯಿತು. ಹಿತ್ತಿಲಲ್ಲಿ ಇದ್ದದ್ದಕ್ಕೆ ಏನು ಬಿಸಾಡಿದರೂ ನಡೆಯುತ್ತದೆ.

ಊರು ಬೆಳೆಯಿತು, ಒಳಚರಂಡಿ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಇದ್ದರೂ ಇಂದ್ರಾಣಿಗೆ ಕೊಳಚೆ ಸೇರುತ್ತದೆ, ಬಾವಿ ನೀರು ಹಾಳಾಗಿದೆ ಅಂತ ಕೆಳಗಿನವರು ವರ್ಷಗಳಿಂದ ದೂರುತ್ತಲೇ ಇದ್ದಾರೆ. ನಮ್ಮ ಕಡೆ ಬಾವಿ ಹಾಳಾಗೋದು ಅಂದ್ರೆ ಸಣ್ಣ ವಿಷಯ ಅಲ್ಲ. ಅಂಗಳದಲ್ಲಿ ಬಾವಿ ಇಟ್ಟುಕೊಂಡು ಟ್ಯಾಂಕರಿಗೆ ಕಾಯುವ ಸಂಕಟ ಅದು.

ಗೆಳೆಯನ ತಲೆಯಲ್ಲಿದ್ದದ್ದು ಬೆಂಗಳೂರಿನ ಕೆ-100. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಗೆ ಹೋಗುವ ರಾಜಕಾಲುವೆಯ ಬದಿಗೆ ಕಲ್ಲುಹಾಸು, ದೀಪ, ಬೆಂಚು ಹಾಕಿದ ಯೋಜನೆ. ಶಾಂತಿನಗರದ ಹತ್ತಿರ ಅದರ ಬದಿ ನಡೆದಿದ್ದೇನೆ, ಫೋಟೋ ತೆಗೆಯುವ ಹಾಗಿದೆ. ಅದನ್ನು ಲೇವಡಿ ಮಾಡೋದಿಲ್ಲ. ಮೊದಲು ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸಬೇಕು, ಅಂದ ಚೆಂದ ಆಮೇಲೆ ಅನ್ನುವ ಲೆಕ್ಕವಾದರೂ ಅಲ್ಲಿತ್ತು. ಆದರೆ ಕೊಳಚೆ ಅಲ್ಲಲ್ಲಿ ಮತ್ತೆ ನುಗ್ಗಿದ್ದೂ ಸುದ್ದಿಯಾಗಿದೆ. ಇಂಥ ಯೋಜನೆಗಳಿಗೆಲ್ಲ ಮಾದರಿ ಅಂತ ತೋರಿಸೋದು ಸಿಯೋಲಿನ ಚೊಂಗ್ಯೆಚೊನ್. ಮೇಲ್ಸೇತುವೆ ಹೆದ್ದಾರಿಯನ್ನೇ ಕೆಡವಿ 2005ರಲ್ಲಿ ಅಲ್ಲಿ ತೊರೆ ತೆರೆದರು. ಅದರಲ್ಲಿ ಹರಿಯುವ ನೀರು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ಅಲ್ಲಿದ್ದ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದ ಕತೆಯೂ ಅದರ ಜೊತೆಗಿದೆ.

ನಮ್ಮಲ್ಲಿ ಪಂಪ್ ಮಾಡುವ ಅಗತ್ಯವೇ ಇಲ್ಲ, ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ತೊಂದರೆ ಇರೋದು ಅಲ್ಲೇ. ಟ್ರ್ಯಾಕ್ ಅಂದ ಕೂಡಲೇ ಎರಡೂ ಬದಿ ಕಾಂಕ್ರೀಟ್ ತಡೆಗೋಡೆ ಏಳುತ್ತದೆ, ಅದರ ಮೇಲೆ ಟೈಲ್ಸು, ಸ್ಟೀಲ್ ರೇಲಿಂಗು. ನೀರು ಗದ್ದೆಗೆ ಹರಡಿಕೊಳ್ಳುವ ಜಾಗ ಈಗಾಗಲೇ ಹೋಗಿದೆ, ಉಳಿದ ತೋಡೂ ಗಟಾರ ಆಗುತ್ತದೆ. 2020ರ ಸೆಪ್ಟೆಂಬರ್ 20ರ ಬೆಳಿಗ್ಗೆ ನೆನಪುಂಟಲ್ಲ? ಒಂದೇ ರಾತ್ರಿಯ ಮಳೆಗೆ ಕಲ್ಸಂಕ, ಬೈಲಕೆರೆ ಎಲ್ಲ ನೀರು, ಊರಿನಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದರು. ನೀರು ತನ್ನ ಹಳೇ ಬೈಲಿಗೇ ಬಂದಿತ್ತು, ಅಷ್ಟೇ.

ಹಾಗಂತ ದಾರಿ ಬೇಡವೇ? ಬೇಕು. ಆದರೆ ಮಣ್ಣಿನ ಅಂಚಿನದು, ಮಳೆಗಾಲದಲ್ಲಿ ಮುಳುಗಿದರೂ ಪರವಾಗಿಲ್ಲ ಅಂತ ಒಪ್ಪಿಕೊಂಡು ಮಾಡಿದ್ದು. ಅದಕ್ಕೂ ಮೊದಲು ಪೈಪುಗಳ ಬಾಯಿ ಮುಚ್ಚಬೇಕು. ಶುರು ಕಲ್ಸಂಕದಿಂದಲ್ಲ, ಕಲ್ಮಾಡಿಯಿಂದ ಆಗಬೇಕು. ಇಷ್ಟು ವರ್ಷ ವಾಸನೆ ಕುಡಿದವರು ಅವರು. ಟ್ರ್ಯಾಕ್ ಬಂದಾಗ ಸೈಟಿನ ರೇಟು ಏರಿ ಲಾಭ ಮಾತ್ರ ಮೇಲಿನವರಿಗೆ ಅಂತಾದರೆ ನನ್ನ ಸೈಕಲ್ ಆ ಕಡೆ ಹೋಗೋದಿಲ್ಲ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. "ನಿನ್ನದು ಯಾವಾಗ್ಲೂ ಹೀಗೇ, ಸ್ವಲ್ಪ ಖುಷಿಪಡ್ಲಿಕ್ಕೂ ಬಿಡುದಿಲ್ಲ" ಅಂದ. ಮರುದಿನ ಬೆಳಿಗ್ಗೆ ಇಬ್ಬರೂ ಹೆದ್ದಾರಿಯಲ್ಲೇ ಮಲ್ಪೆಗೆ ಸೈಕಲ್ ತುಳಿದೆವು.