ಸಂಡಿಗೆ ಕಾಯುವವರು: ಬೇಸಿಗೆ ರಜೆ ಎಂಬ ಗೃಹವ್ಯವಸ್ಥೆಯ ವಿಮರ್ಶೆ

ಕರ್ನಾಟಕದ ರಾಜ್ಯ ಪಠ್ಯಕ್ರಮದ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಆರಂಭವಾಗಿ ಮೇ ತಿಂಗಳ ಕೊನೆಯವರೆಗೆ ಮುಂದುವರಿಯುವ ಬೇಸಿಗೆ ರಜೆಯನ್ನು ಶಾಲಾ ವೇಳಾಪಟ್ಟಿಯ ಒಂದು ಬಿಡುವೆಂದು ಕಾಣುವುದು ರೂಢಿಯಾಗಿದ್ದರೂ, ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಗಳ ಮಟ್ಟಿಗೆ ಅದನ್ನು ಹೊಣೆಯ ವರ್ಗಾವಣೆ ಎಂದು ಕರೆಯುವುದೇ ಹೆಚ್ಚು ಸರಿ. ದಿನದ ಹಲವು ಗಂಟೆಗಳ ಕಾಲ ಶಾಲೆ ಹೊತ್ತಿದ್ದ ಕೆಲಸಗಳು, ಎಂದರೆ ಮಕ್ಕಳ ಮೇಲೆ ಕಣ್ಣಿಡುವುದು, ಅವರ ಜಗಳ ಬಿಡಿಸುವುದು, ಸರಿಯಾದ ಹೊತ್ತಿಗೆ ಉಣಿಸುವುದು, ಬೇಸರ ಕಳೆಯುವುದು, ಇವೆಲ್ಲವೂ ಯಾವ ಪೂರ್ವಸಿದ್ಧತೆಯೂ ಇಲ್ಲದೆ ಒಂದೇ ದಿನದಲ್ಲಿ ಮನೆಯ ಜಗುಲಿಗೆ ಬಂದು ಇಳಿಯುತ್ತವೆ. ಈ ಹೊರೆಯನ್ನು ಇಳಿಸಿಕೊಳ್ಳಲು ಕನ್ನಡ ಸಮಾಜ ಎರಡು ಮುಖ್ಯ ದಾರಿಗಳನ್ನು ರೂಢಿಸಿಕೊಂಡಿದೆ: ಹಳೆಯದು ಅಜ್ಜಿಮನೆ, ಹೊಸದು ಬೇಸಿಗೆ ಶಿಬಿರ. ಇವೆರಡರ ಕುರಿತ ಚರ್ಚೆ ಬಹುಪಾಲು ಹಂಬಲ ಮತ್ತು ಪ್ರಗತಿಗಳ ನಡುವಿನ ವಾದವಾಗಿ ನಡೆಯುತ್ತ ಬಂದಿದ್ದು, ಒಂದು ಪಕ್ಷಕ್ಕೆ ಮಾವಿನ ತೋಪು ಕಳೆದುಹೋದ ಸ್ವರ್ಗವಾದರೆ ಇನ್ನೊಂದಕ್ಕೆ ಕೀಬೋರ್ಡ್ ತರಗತಿ ನಾಳಿನ ಬಂಡವಾಳವಾಗಿದೆ. ಎರಡೂ ಪಕ್ಷಗಳು ಕೇಳದೆ ಬಿಟ್ಟ ಪ್ರಶ್ನೆಗಳು ಎರಡಿವೆ: ಆ ವ್ಯವಸ್ಥೆಯಲ್ಲಿ ಮಗುವಿಗೆ ತನ್ನ ವಯಸ್ಸಿಗೆ ತಕ್ಕ ನಿಜವಾದ ಪಾಲು ಇದೆಯೇ ಎಂಬುದು ಮೊದಲನೆಯದು, ಆ ಪಾಲನ್ನು ಸಾಧ್ಯವಾಗಿಸುವ ದುಡಿಮೆ ಯಾರ ಮೈಮೇಲೆ ಬೀಳುತ್ತದೆ ಎಂಬುದು ಎರಡನೆಯದು. ಪ್ರಸ್ತುತ ವಿಮರ್ಶೆ ಈ ಎರಡು ಮಾನದಂಡಗಳನ್ನು ಆಧರಿಸಿದೆ.

ಅಜ್ಜಿಮನೆಯ ಗುಣವನ್ನು ನಿಸರ್ಗಕ್ಕೋ ವಾತ್ಸಲ್ಯಕ್ಕೋ ಆರೋಪಿಸುವುದು ಸುಲಭವಾದರೂ, ಅದು ಗೆದ್ದಿದ್ದು ಮುಖ್ಯವಾಗಿ ಅಲ್ಲಿ ಮಳೆ ಹಿಡಿಯುವ ಮೊದಲೇ ಮಾಡಿ ಮುಗಿಸಬೇಕಾದ ಕೆಲಸಗಳು ಇದ್ದುದರಿಂದ. ಮಳೆಗಾಲಕ್ಕೆ ಬೇಕಾದ ಆಹಾರ ಪದಾರ್ಥಗಳನ್ನು ಬಿಸಿಲಿರುವಾಗಲೇ ಸಿದ್ಧಪಡಿಸಿ ಡಬ್ಬಿ ತುಂಬಬೇಕಾದ ಕಾರಣ, ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಹಲಸಿನ ಹಪ್ಪಳ ಮತ್ತು ಮಾವಿನ ಮಿಡಿ, ಹಳೆಯ ಮೈಸೂರು ಭಾಗದಲ್ಲಿ ಅಕ್ಕಿ ಸಂಡಿಗೆ ಮತ್ತು ಹುಣಸೆ ಹಣ್ಣು, ಉತ್ತರ ಕರ್ನಾಟಕದಲ್ಲಿ ಗೋದಿಯ ಶಾವಿಗೆ, ಹೀಗೆ ಪ್ರದೇಶಕ್ಕೊಂದು ಬಗೆಯ ಕೆಲಸ ಬೇಸಿಗೆಯಲ್ಲಿ ಕೂಡಿಬರುತ್ತಿತ್ತು. ಹಲಸಿನ ಹಪ್ಪಳವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಬೆಳೆದ ಕಾಯಿಯ ತೊಳೆಯನ್ನು ಬೇಯಿಸಿ, ಉಪ್ಪು ಖಾರ ಬೆರೆಸಿ ರುಬ್ಬುವ ಕೆಲಸ ಹಿರಿಯರದು. ಹಿಟ್ಟನ್ನು ಒಂದೇ ಅಳತೆಯ ಉಂಡೆಗಳಾಗಿ ಕಟ್ಟುವುದು ಐದಾರು ವರ್ಷದವರಿಗೂ ಸಾಧ್ಯ. ಎಣ್ಣೆ ಸವರಿದ ಹಾಳೆಗಳ ನಡುವೆ ಉಂಡೆಯನ್ನಿಟ್ಟು ಮಣೆಯಿಂದ ಒತ್ತುವುದಕ್ಕೆ ಹತ್ತು ವರ್ಷದವರ ತೋಳಿನ ಬಲ ಬೇಕು. ಒತ್ತಿದ್ದನ್ನು ಹರಿಯದಂತೆ ಬಿಡಿಸಿ ಚಾಪೆಯ ಮೇಲೆ ಹರಡುವುದಕ್ಕೆ ಪಳಗಿದ ಕೈ ಬೇಕು. ಕೊನೆಗೆ ಬಿಸಿಲಲ್ಲಿಟ್ಟ ಚಾಪೆಯ ಬಳಿ ಕೋಲು ಹಿಡಿದು ಕಾಗೆ ಓಡಿಸುವುದು ಉಂಡೆ ಕಟ್ಟಲು ಬಾರದ ಎಲ್ಲರಿಗಿಂತ ಚಿಕ್ಕವರ ಪಾಲಿಗೆ ಬರುತ್ತದೆ. ಈ ಕೊನೆಯ ಕೆಲಸವನ್ನು ಮಗುವನ್ನು ಸುಮ್ಮನಿರಿಸಲು ಹುಡುಕಿದ ನೆಪವೆಂದು ತಿಳಿಯುವುದು ತಪ್ಪು. ಕಾವಲು ತಪ್ಪಿದರೆ ಕಾಗೆ ನಿಜವಾಗಿಯೂ ಹಪ್ಪಳ ಒಯ್ಯುತ್ತದೆ, ನಷ್ಟ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ನಾಲ್ಕು ವರ್ಷದ ಮಗುವಿಗೂ ತನ್ನಿಂದ ಮನೆಗೆ ಏನೋ ಆಗಬೇಕಾಗಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಇದೇ ಲಕ್ಷಣ ಬಿರುಬಿಸಿಲಿನ ಮಧ್ಯಾಹ್ನಗಳನ್ನು ನುಂಗುತ್ತಿದ್ದ ಚೌಕಾಬಾರದಂಥ ಆಟಗಳಲ್ಲೂ ಕಂಡುಬರುತ್ತದೆ. ಸಾಮಾನ್ಯವಾಗಿ ಐದು ಸಾಲು ಐದು ಕಂಬಗಳ 25 ಮನೆಗಳನ್ನು ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಬರೆದು, ನಾಲ್ಕು ಕವಡೆ ಎಸೆದು, ತಲಾ ನಾಲ್ಕು ಕಾಯಿಗಳನ್ನು ಹೊರಸುತ್ತಿನಿಂದ ನಡುಮನೆಗೆ ಮುಟ್ಟಿಸುವ ಈ ಆಟದಲ್ಲಿ, ಕವಡೆಗಳು ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು ಎಂಬ ಲೆಕ್ಕವಿದ್ದು, ಆ ಎರಡು ಗರಗಳಿಗೆ ಮತ್ತೊಮ್ಮೆ ಎಸೆಯುವ ಅವಕಾಶವೂ ಸಿಗುತ್ತದೆ. ಗರ ಬೀಳುವುದು ಅದೃಷ್ಟದ ಮಾತಾದರೆ ಯಾವ ಕಾಯಿ ನಡೆಸಬೇಕೆಂಬುದು ಯೋಚನೆಯ ಮಾತು. ಅದೃಷ್ಟದ ಪಾಲು ಇರುವುದರಿಂದ ಎಣಿಕೆ ಕಲಿಯುತ್ತಿರುವ ಮಗು ಅಜ್ಜಿಯನ್ನು ಸೋಲಿಸಬಲ್ಲುದು, ಯೋಚನೆಯ ಪಾಲು ಇರುವುದರಿಂದ ಅಜ್ಜಿಗೂ ಆಟ ಬೇಸರ ತರಿಸುವುದಿಲ್ಲ. ಬೇರೆ ಬೇರೆ ವಯಸ್ಸಿನವರು ಯಾರೂ ಸೋತುಕೊಡದೆ ಒಟ್ಟಿಗೆ ತೊಡಗಬಹುದಾದ ಇಂಥ ಗುಂಪನ್ನು ಮಿಶ್ರ ವಯಸ್ಸಿನ ಗುಂಪು ಎನ್ನಬಹುದು. ಅಲ್ಲಿ ಕಿರಿಯರು ಹಿರಿಯರನ್ನು ನೋಡಿಯೇ ಕಲಿಯುತ್ತಾರೆ, ಕಲಿಸುವವರು ಬೇರೆ ಬೇಕಾಗುವುದಿಲ್ಲ. ಹೀಗೆ ಮೊದಲ ಮಾನದಂಡದಲ್ಲಿ ಅಜ್ಜಿಮನೆ ಉನ್ನತ ದರ್ಜೆಯಲ್ಲಿ ತೇರ್ಗಡೆಯಾಗುತ್ತದೆ.

ಎರಡನೆಯ ಮಾನದಂಡದಲ್ಲಿ ಚಿತ್ರ ಬದಲಾಗುತ್ತದೆ. ರಜೆಗೆ ಮಕ್ಕಳನ್ನು ಕರೆದುಕೊಂಡು ಬರುವ ಹೆಣ್ಣಿಗೆ ಅದು ತವರು, ಎಂದರೆ ಮದುವೆಯ ನಂತರವೂ ಸಲುಗೆಯ ಹಕ್ಕು ಉಳಿದಿರುವ ಹುಟ್ಟಿದ ಮನೆ. ಅದೇ ಮನೆಯಲ್ಲಿ ಒಲೆಯ ಮುಂದೆ ನಿಂತಿರುವ ಸೊಸೆಗೆ ಅದು ಗಂಡನ ಮನೆ. ನಾದಿನಿಯರು ಮಕ್ಕಳೊಂದಿಗೆ ಬಂದಿಳಿದಾಗ ಎಂಟು ಜನರ ಅಡುಗೆ ಹದಿನೆಂಟು ಜನರದಾಗುತ್ತದೆ. ಅವರು ಹೊರಡುವವರೆಗೆ ಆ ಸೊಸೆ ತನ್ನ ತವರಿಗೆ ಹೋಗುವಂತಿಲ್ಲ. ಅವಳಿಗೆ ಬಿಡುವಾಗುವ ಹೊತ್ತಿಗೆ ಅವಳ ಮಕ್ಕಳ ಶಾಲೆ ತೆರೆಯುವ ದಿನ ಹತ್ತಿರವಾಗಿರುತ್ತದೆ. ಒಬ್ಬಳ ವಿಶ್ರಾಂತಿಯನ್ನು ಇನ್ನೊಬ್ಬಳ ದುಡಿಮೆಯಿಂದ ಕೊಳ್ಳುವ ಈ ಲೆಕ್ಕಾಚಾರದಲ್ಲಿ ಮನೆಯ ಗಂಡಸರು ಬಹುಪಾಲು ಹಲಸಿನ ಕಾಯಿ ಇಳಿಸುವುದಕ್ಕೂ ಮಾವಿನ ಹಣ್ಣು ತರುವುದಕ್ಕೂ ಸೀಮಿತರಾಗಿರುತ್ತಿದ್ದರು ಎಂಬುದನ್ನು ಅಜ್ಜಿಮನೆಯ ನೆನಪುಗಳು ಅಪರೂಪವಾಗಿ ಗಮನಿಸುತ್ತವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ವ್ಯಯಿಸಿದರೆ, ಆ ಕೆಲಸದಲ್ಲಿ ತೊಡಗುವ ಗಂಡಸರು ವ್ಯಯಿಸುವುದು 97 ನಿಮಿಷ. ಇದು ಒಂದು ಸಾಧಾರಣ ದಿನದ ಸರಾಸರಿ ಎಂಬುದನ್ನು ನೆನಪಿಟ್ಟರೆ, ಶಾಲೆ ಮುಚ್ಚಿದ ದಿನಗಳಲ್ಲಿ ಹೆಚ್ಚುವ ಹೊರೆ ಯಾವ ಕಡೆಗೆ ವಾಲುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಹಪ್ಪಳದ ಕೆಲಸ ಹಂಚಿಹೋಗುತ್ತಿದ್ದ ರೀತಿಗೂ ಇದು ಅನ್ವಯಿಸುತ್ತದೆ: ಹತ್ತು ದಾಟಿದ ಹುಡುಗಿ ಮಣೆಯ ಮುಂದೆ ಉಳಿಯುತ್ತಿದ್ದಳು, ಅದೇ ವಯಸ್ಸಿನ ಹುಡುಗ ಕೆರೆಯ ಕಡೆಗೆ ಓಡುತ್ತಿದ್ದ. ಆ ಕೆರೆಯೂ ನಿರಪಾಯವಾಗಿರಲಿಲ್ಲ. ಇತ್ತೀಚಿನ ದಶಕಗಳಲ್ಲಿ ನೀರು ಹಿಡಿದಿಡಲು ಪ್ಲಾಸ್ಟಿಕ್ ಹೊದಿಕೆ ಹಾಸಿದ ಕೃಷಿ ಹೊಂಡಗಳು ಹೆಚ್ಚಿದ ಮೇಲೆ, ಜಾರುವ ಅಂಚಿನಿಂದ ಮೇಲೇರಲಾಗದೆ ಮಕ್ಕಳು ಮುಳುಗುವ ಅಪಾಯವೂ ಹಳ್ಳಿಯ ರಜೆಗೆ ಸೇರಿಕೊಂಡಿದೆ.

ನಗರದ ಸಣ್ಣ ಕುಟುಂಬಕ್ಕೆ ಈ ದಾರಿ ಈಗ ಅರ್ಧ ಮುಚ್ಚಿದೆ. ಅಜ್ಜಿಯೇ ಇನ್ನೂ ಉದ್ಯೋಗದಲ್ಲಿರಬಹುದು, ಇಲ್ಲವೆ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಅವಳನ್ನೇ ನಗರದ ಫ್ಲಾಟಿಗೆ ಕರೆತಂದಿರಬಹುದು. ತಂದೆತಾಯಿ ಇಬ್ಬರೂ ದುಡಿಯುವಲ್ಲಿ ತಮ್ಮ ರಜೆಯಿಂದಲೇ ಮಕ್ಕಳ ಒಂದೂವರೆ ತಿಂಗಳನ್ನು ತುಂಬುವುದು ಕಷ್ಟ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು ವಿಧಿಸಿದರೂ, ಆರೇಳು ವರ್ಷದ ಶಾಲಾಮಗುವಿನ ಏಪ್ರಿಲ್ ತಿಂಗಳಿಗೆ ಅದರಿಂದ ಸಿಗುವ ನೆರವು ಅಲ್ಪ. ಈ ಬಿರುಕಿನಲ್ಲಿ ಬೆಳೆದದ್ದು ಬೇಸಿಗೆ ಶಿಬಿರ.

ಶಿಬಿರದ ಮೂಲವನ್ನು ಮಾರುಕಟ್ಟೆಯಲ್ಲಷ್ಟೇ ಹುಡುಕುವುದು ಅನ್ಯಾಯವಾದೀತು. ಮಗುವಿನ ಕಲಿಕೆಯನ್ನು ತರಗತಿಯ ಗೋಡೆಯಿಂದ ಆಚೆ ತರಬೇಕೆಂಬ ಹಂಬಲ ಕನ್ನಡದಲ್ಲಿ ಹಳೆಯದು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಶಿಕ್ಷಣ ಪ್ರಯೋಗಗಳು, ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರದ ಮೂಲಕ ಕಟ್ಟಿದ ಮಕ್ಕಳ ರಂಗಭೂಮಿ, ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ಚಿಣ್ಣರ ಮೇಳ ಆ ಪರಂಪರೆಗೆ ಸೇರಿದವು. ನಾಟಕವನ್ನು ನಡುವಿಗಿಟ್ಟ ಶಿಬಿರದಲ್ಲಿ ಹಪ್ಪಳದ ಅಂಗಳದ ಗುಣ ಬೇರೆ ರೂಪದಲ್ಲಿ ಮರಳುತ್ತದೆ: ಪರದೆ ಎಳೆಯುವವರು, ಮುಖವಾಡ ಅಂಟಿಸುವವರು, ಮಾತೇ ಇಲ್ಲದ ಮರವಾಗಿ ನಿಲ್ಲುವವರು ಎಲ್ಲರೂ ಬೇಕು, ಒಬ್ಬರು ತಪ್ಪಿದರೆ ದೃಶ್ಯ ಕೆಡುತ್ತದೆ. ಆದರೆ ಇಂಥ ಶಿಬಿರಗಳು ಸಾಮಾನ್ಯವಾಗಿ ತುಸು ಬೆಳೆದ ಮಕ್ಕಳಿಗೆ ಮೀಸಲು. ನಾಲ್ಕೈದು ವರ್ಷದ ಮಗುವಿರುವ ಮನೆಗೆ ಇವು ಎಟುಕುವುದಿಲ್ಲ.

ಬಡಾವಣೆಗಳಲ್ಲಿ ಎರಡು ಮೂರು ವಾರಗಳ ಮಟ್ಟಿಗೆ ಏಳುವ ಶುಲ್ಕದ ಶಿಬಿರಗಳು ಈ ಪರಂಪರೆಯ ಹೊರರೂಪವನ್ನು ಮಾತ್ರ ಉಳಿಸಿಕೊಂಡಿವೆ. ಅವು ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವುದರಿಂದ ಅಕ್ಕತಮ್ಮಂದಿರು ಬೇರೆ ಬೇರೆ ಕೋಣೆಗಳಿಗೆ ಹೋಗುತ್ತಾರೆ. ಮುಕ್ಕಾಲು ಗಂಟೆಗೊಂದು ಚಟುವಟಿಕೆ ಎಂದು ಹಂಚುವುದರಿಂದ ಶಾಲೆಯ ವೇಳಾಪಟ್ಟಿಯೇ ಬಣ್ಣ ಬಳಿದುಕೊಂಡು ಬಂದಂತಾಗುತ್ತದೆ. ಕೊನೆಯ ದಿನ ಪೋಷಕರ ಮುಂದೆ ಪ್ರದರ್ಶಿಸಲು ಏನಾದರೂ ಇರಲೇಬೇಕಾದ್ದರಿಂದ ಮಗು ಮಾಡಿದ ಕಾಗದದ ನವಿಲಿನ ಗರಿಗಳನ್ನು ಶಿಕ್ಷಕಿಯೇ ತಿದ್ದಿ ಅಂಟಿಸಬೇಕಾಗುತ್ತದೆ. ಆ ನವಿಲು ಇಲ್ಲದಿದ್ದರೂ ಯಾರ ಊಟಕ್ಕೂ ಕೊರತೆಯಾಗುವುದಿಲ್ಲ ಎಂಬುದು ಮಗುವಿಗೂ ಗೊತ್ತು. ಆರೈಕೆಯ ದುಡಿಮೆಯ ದೃಷ್ಟಿಯಿಂದಲೂ ಶಿಬಿರ ಪೂರ್ಣ ಪರಿಹಾರವೆನಿಸುವುದಿಲ್ಲ: ಬಹಳಷ್ಟು ಶಿಬಿರಗಳು ಮಧ್ಯಾಹ್ನದ ಹೊತ್ತಿಗೆ ಮುಗಿಯುವುದರಿಂದ ಬಿಟ್ಟುಬರುವ, ಕರೆತರುವ, ಡಬ್ಬಿ ಕಟ್ಟುವ ಕೆಲಸ ಹೊಸದಾಗಿ ಸೇರುತ್ತದೆ, ಉಳಿದರ್ಧ ದಿನದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹಾಗಿದ್ದರೂ ಅದಕ್ಕೆ ಒಂದು ಪ್ರಾಮಾಣಿಕ ಗುಣವಿದೆ: ಮಕ್ಕಳನ್ನು ನೋಡಿಕೊಳ್ಳುವುದು ಬೆಲೆಯುಳ್ಳ ಕೆಲಸವೆಂದು ಅದು ಶುಲ್ಕದ ರಸೀದಿಯಲ್ಲೇ ಒಪ್ಪಿಕೊಳ್ಳುತ್ತದೆ, ಅಜ್ಜಿಮನೆ ಅದನ್ನೆಂದೂ ಒಪ್ಪಿಕೊಳ್ಳಲಿಲ್ಲ.

ಉಳಿದರ್ಧ ದಿನವನ್ನು ಈಗ ತುಂಬುತ್ತಿರುವುದು ಮೊಬೈಲ್. ಐದು ವರ್ಷದೊಳಗಿನ ಮಕ್ಕಳ ಚಲನವಲನ ಮತ್ತು ನಿದ್ರೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ಮೈಚಲನೆ ಬೇಕೆಂದೂ ಕುಳಿತು ಪರದೆ ನೋಡುವ ಹೊತ್ತು ಒಂದು ಗಂಟೆಯನ್ನು ಮೀರಬಾರದೆಂದೂ ಹೇಳುತ್ತದೆ. ಆದರೆ ಹೊರಗೆ ಕಾಲಿಡಲಾಗದ ಬಿಸಿಲು, ಎರಡು ಕೋಣೆಯ ಮನೆ, ಅಡುಗೆಮನೆಯಿಂದಲೋ ಲ್ಯಾಪ್‌ಟಾಪಿನ ಮುಂದಿನಿಂದಲೋ ಏಳಲಾಗದ ಒಬ್ಬರೇ ಹಿರಿಯರು ಇರುವಲ್ಲಿ ಆ ಮೂರು ಗಂಟೆ ಎಲ್ಲಿಂದ ಬರಬೇಕು ಎಂಬುದಕ್ಕೆ ಮಾರ್ಗಸೂಚಿಯಲ್ಲಿ ಉತ್ತರವಿಲ್ಲ. ಹೀಗಿರುವಾಗ ಪರದೆಯ ಚಟವನ್ನು ತಾಯಿಯ ಅಸಡ್ಡೆಯೆಂದು ಬೈಯುವುದು ವಿಮರ್ಶೆಯ ಸೋಮಾರಿತನ. ಕೈಗಳ ಕೊರತೆಯಿದ್ದ ಜಾಗಕ್ಕೆ ಮೊಬೈಲ್ ಬಂದು ಕುಳಿತಿದೆಯಷ್ಟೆ.

ಈ ಕೊರತೆಯನ್ನು ಮನೆಯೊಳಗಿನ ಸಂಗತಿಯೆಂದು ಬಿಡಲಾಗದು ಎಂಬುದನ್ನು ಸರ್ಕಾರದ ಕೆಲವು ಕ್ರಮಗಳೇ ತೋರಿಸುತ್ತವೆ. ಶಾಲೆಯ ಬಿಸಿಯೂಟವನ್ನು ನಂಬಿದ ಮನೆಗಳಲ್ಲಿ ರಜೆಯ ಮೊದಲ ಪ್ರಶ್ನೆ ಆಟದ್ದಾಗಿರದೆ ಮಧ್ಯಾಹ್ನದ ಅನ್ನದ್ದಾಗಿರುತ್ತದೆ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯ ದಿನಗಳಲ್ಲೂ ಬಿಸಿಯೂಟ ನೀಡುವ ನಿರ್ಧಾರ ಈ ಸತ್ಯವನ್ನು ಒಪ್ಪಿಕೊಂಡಿತು, ಆದರೆ ಬರವಿಲ್ಲದ ವರ್ಷಗಳ ಏಪ್ರಿಲಿನಲ್ಲೂ ಹಸಿವು ಇರುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪರಿಪಾಠ ಬಿಸಿಲಿನ ತಾಪದಿಂದ ಹುಟ್ಟಿದ್ದಾದರೂ, ಸಣ್ಣ ಮಕ್ಕಳಿರುವ ನೌಕರರ ಮನೆಗಳಿಗೆ ಅದು ತಂದೆಯನ್ನೂ ತಾಯಿಯನ್ನೂ ಮಧ್ಯಾಹ್ನ ಮರಳಿಸುತ್ತದೆ. ಕೆಲಸದ ಹೊತ್ತನ್ನು ಋತುವಿಗೆ ತಕ್ಕಂತೆ ಮಡಚುವುದು ಆಡಳಿತಕ್ಕೆ ಸಾಧ್ಯವೆಂಬುದಕ್ಕೆ ಇದು ಪುರಾವೆ. 2023ರ ಬಜೆಟ್ಟಿನಲ್ಲಿ ಘೋಷಿತವಾದ, ದುಡಿಯುವ ತಾಯಂದಿರ ಪುಟ್ಟ ಮಕ್ಕಳನ್ನು ಗ್ರಾಮ ಪಂಚಾಯಿತಿಗಳಲ್ಲಿ ನೋಡಿಕೊಳ್ಳುವ ‘ಕೂಸಿನ ಮನೆ’ಯೂ, ‘ಅರಿವು ಕೇಂದ್ರ’ಗಳೆಂದು ಕರೆಯಲಾಗುವ ಪಂಚಾಯಿತಿ ಗ್ರಂಥಾಲಯಗಳಲ್ಲಿ ನಡೆಯುವ ಶುಲ್ಕವಿಲ್ಲದ ಬೇಸಿಗೆ ಶಿಬಿರಗಳೂ ಇದೇ ದಿಕ್ಕಿನವು. ಇವುಗಳ ಮಿತಿಯೆಂದರೆ, ಒಂದು ಕೂಸುಗಳಿಗೆ, ಇನ್ನೊಂದು ಓದಬಲ್ಲ ಮಕ್ಕಳಿಗೆ ಎಂದು ವಯಸ್ಸನ್ನು ಇವೂ ಬೇರ್ಪಡಿಸುತ್ತವೆ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಅಂಗಳಕ್ಕೆ ಬರುವುದಿಲ್ಲ.

ಹೀಗೆ ಎರಡು ಮಾನದಂಡಗಳಲ್ಲಿ ಅಳೆದಾಗ, ಅಜ್ಜಿಮನೆ ಮಗುವಿಗೆ ಪಾಲು ಕೊಟ್ಟು ಹೆಣ್ಣಿನ ಹೊರೆಯನ್ನು ಮರೆಮಾಡಿತು. ಶುಲ್ಕದ ಶಿಬಿರ ಹೊರೆಗೆ ಬೆಲೆ ಕಟ್ಟಿ ಮಗುವಿನ ಪಾಲನ್ನು ತೆಗೆದುಹಾಕಿತು. ಮಗುವಿಗೆ ವಿಶ್ರಾಂತಿ, ವಿರಾಮ ಮತ್ತು ಆಟದ ಹಕ್ಕಿದೆಯೆಂದು ಸಾರುವ, ಭಾರತವೂ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯನ್ನು ಮನೆಯ ಮಟ್ಟಕ್ಕೆ ಇಳಿಸುವುದೆಂದರೆ, ಆ ವಿರಾಮವನ್ನು ಕಾಯುವವರ ವಿರಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಆಗಿದೆ. ಅದಕ್ಕೆ ಮಾವಿನ ತೋಪು ಮರಳಿ ಬರಬೇಕಿಲ್ಲ. ವಠಾರದ ಅಥವಾ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳವರು ಮಹಡಿಯ ಮೇಲೆ ಒಂದು ಬೆಳಿಗ್ಗೆ ಸಬ್ಬಕ್ಕಿ ಸಂಡಿಗೆ ಇಟ್ಟರೂ ಎಲ್ಲ ವಯಸ್ಸಿಗೂ ಕೆಲಸ ಸಿಗುತ್ತದೆ. ಆದರೆ ಸಬ್ಬಕ್ಕಿ ಬೇಯಿಸುವ ಸರದಿಯಲ್ಲಿ ಅಪ್ಪಂದಿರ ಹೆಸರು ಇಲ್ಲದಿದ್ದರೆ ಅದು ಹಳೆಯ ಅಜ್ಜಿಮನೆಯೇ ಆದೀತು. ಮಹಡಿಯ ಮೇಲೂ ಕಾಗೆ ಬಂದೇ ಬರುತ್ತದೆ. ಕೋಲು ಹಿಡಿದ ಮಗು ಅಲ್ಲಿ ಕುಳಿತಿರುವಷ್ಟು ಹೊತ್ತು, ಒಲೆಯ ಮುಂದಿನಿಂದ ಎದ್ದು ಬಂದು ಅದರ ಪಕ್ಕದ ನೆರಳಿನಲ್ಲಿ ಸುಮ್ಮನೆ ಕೂರುವ ಬಿಡುವು ಅದರ ತಾಯಿಗೂ ಸಿಕ್ಕಿದ ದಿನ ಬೇಸಿಗೆ ರಜೆ ಎಂಬ ಹೆಸರು ಆ ಮನೆಗೆ ಒಪ್ಪುತ್ತದೆ.